ಬೀಳದ ಮೇನನ್ನು ದೊಡ್ಡದು ಮಾಡಿ ಏನು ಪ್ರಯೋಜನ?

ಚಿಂತಾಮಣಿಯಿಂದ ಕೇಳಿರುವವರಿಗೆ. ಗೀಜರ್ ಹಾಕಿದ ಕೂಡಲೇ ಮನೆಯೆಲ್ಲ ಮಂಕಾಗಿ ಕರೆಂಟು ಹೋಗುತ್ತದೆ, ಮೇನ್ ಎಂಸಿಬಿಯ (ಲೋಡ್ ಹೆಚ್ಚಾದರೆ ತಾನಾಗಿ ಬಿದ್ದು ಕರೆಂಟು ಕಡಿಯುವ ಬ್ರೇಕರ್) ಹಿಡಿಕೆ ಮಾತ್ರ ಬೀಳದೆ ಮೇಲೆಯೇ ಇರುತ್ತದೆ, 32 ಆಂಪಿಯರಿನದು ಕೆಟ್ಟಿರಬೇಕು, 63ರದ್ದು ಹಾಕಲೇ ಎಂದಿದ್ದೀರಿ. ಹಾಕಬೇಡಿ. ಬೀಳುತ್ತಲೇ ಇಲ್ಲದ ಬ್ರೇಕರನ್ನು ದೊಡ್ಡದು ಮಾಡಿ ಏನು ಪ್ರಯೋಜನ? ಒಳಗೆ 4 ಚದರ ಮಿಲಿಮೀಟರಿನ ತಂತಿ ಇಟ್ಟುಕೊಂಡು 63 ಹಾಕಿದರೆ, ನಾಳೆ ನಿಜವಾಗಿ ಲೋಡ್ ಹೆಚ್ಚಾದ ದಿನ ಬ್ರೇಕರ್ ಬೀಳುವ ಮೊದಲೇ ತಂತಿ ಸುಡುತ್ತದೆ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ, ಇದೇ ತಪ್ಪನ್ನು ನಾನು ಮಾಡಿ ಎರಡು ಬ್ರೇಕರುಗಳ ದುಡ್ಡು ಕಳೆದುಕೊಂಡಿದ್ದೇನೆ. ಶಿಡ್ಲಘಟ್ಟದ ಹತ್ತಿರ ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಚಳಿಗಾಲ, ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ದಾಟಿದ್ದವು, ಹೀಟರ್ ಹಾಕಿದರೆ ಕತ್ತಲೆ. ಟೆಸ್ಟರ್ ಇಟ್ಟೆ, ಮೇನಿನ ಕೆಳಗೂ ಉರಿಯಿತು. ಆದರೂ ಮೇನನ್ನೇ ಬದಲಾಯಿಸಿದೆ. ಎರಡು ದಿನ ಸರಿಯಿತ್ತು, ಮತ್ತೆ ಅದೇ ಕಥೆ. ಇನ್ನೊಂದು ತಂದೆ, ಆ ಸಲ ಬೇರೆ ಕಂಪನಿಯದು. ಕೊನೆಗೆ ಬಂದ ವಯಸ್ಸಾದ ವೈರ್‌ಮನ್ ಸರಬರಾಜು ಕಡಿದು, ಮೇನಿನ ಕೆಳಗಿನ ತಂತಿಯನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರು. ಕೈಗೇ ಬಂತು! ಸ್ಕ್ರೂ ಬಿಗಿಯಾಗಿಯೇ ಇತ್ತು. ನಾನು ತಂತಿಯನ್ನು ಸ್ಕ್ರೂ ಬಿಗಿಸುವ ಕ್ಲಾಂಪ್ ಪಟ್ಟಿಯ ಒಳಗೆ ತೂರಿಸದೆ ಅದರ ಹಿಂದೆ ತೂರಿಸಿದ್ದೆ. ಪಟ್ಟಿ ಖಾಲಿ ಜಾಗವನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು, ತಂತಿ ಪಕ್ಕದಲ್ಲಿ ಸುಮ್ಮನೆ ಒರಗಿ ನಿಂತಿತ್ತು. ತುದಿ ಕಪ್ಪಗಾಗಿ, ಮೇಲಿನ ಪ್ಲಾಸ್ಟಿಕ್ ಗುಳ್ಳೆ ಎದ್ದಿತ್ತು. ಎರಡು ದಿನ ಸರಿಯಾಗಿದ್ದದ್ದು ಬ್ರೇಕರಿನ ಮಹಿಮೆಯಲ್ಲ, ತಂತಿ ಅಲುಗಾಡಿ ಹೊಸ ಜಾಗದಲ್ಲಿ ತಗುಲಿದ್ದರಿಂದ.

ಆದ್ದರಿಂದ ಟೆಸ್ಟರನ್ನು ನಂಬಬೇಡಿ. ಅದರ ನಿಯಾನ್ ದೀಪಕ್ಕೆ ಕೂದಲೆಳೆಯಷ್ಟು ಕರೆಂಟು ಸಾಕು, ಸುಟ್ಟ ಕಾಂಟ್ಯಾಕ್ಟಿನ ಮೂಲಕವೂ ಉರಿಯುತ್ತದೆ. ಲೋಡ್ ಹಾಕಿ ನೋಡಬೇಕು. ಮೊದಲು ಮನೆಯವರಿಗೆ ಗೀಜರ್ ಹಾಕಲು ಹೇಳಿ ನೀವು ಮೀಟರಿನ ಮುಂದೆ ನಿಲ್ಲಿ. ಮೀಟರಿನ ಅಂಕಿಗಳೂ ಮಾಯವಾದರೆ ದೋಷ ಮೀಟರಿಗಿಂತ ಹಿಂದಿದೆ, ಕಂಬದ ಜಾಯಿಂಟೋ, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರೋ. ಆಗ ಮೀಟರಿನ ಸೀಲ್ ಮುಟ್ಟದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಅದು ಲೈನ್‌ಮನ್ ಕೆಲಸ. ಅಂಕಿಗಳು ಕದಲದೆ ನಿಂತಿದ್ದರೆ ದೋಷ ನಿಮ್ಮ ಕಡೆಯದು.

ಮಲ್ಟಿಮೀಟರ್ ಬಳಸಿ ಅಭ್ಯಾಸವಿದ್ದರೆ ಮಾತ್ರ ಇದನ್ನೂ ಮಾಡಿ: ಗೀಜರ್ ಓಡುವಾಗ ಮೇನಿನ ಒಂದೇ ಪೋಲಿನ (ಫೇಸ್ ಇಲ್ಲವೇ ನ್ಯೂಟ್ರಲ್ ಹಾಯುವ ಒಂದು ದಾರಿ) ಮೇಲಿನ ಸ್ಕ್ರೂಗೆ ಒಂದು ಕಡ್ಡಿ, ಕೆಳಗಿನದಕ್ಕೆ ಇನ್ನೊಂದು. ಸೊನ್ನೆಯ ಆಸುಪಾಸು ಇರಬೇಕು. ವೋಲ್ಟುಗಟ್ಟಲೆ ತೋರಿಸಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ, ಆಗ ಬದಲಾಯಿಸಿ, ಆದರೆ 32ರ ಜಾಗಕ್ಕೆ 32. ಎರಡೂ ಪೋಲ್ ನೋಡಿ, ಮೇನಿನಲ್ಲಿ ನ್ಯೂಟ್ರಲ್ ಕೂಡ ಕಾಂಟ್ಯಾಕ್ಟ್ ಮೂಲಕವೇ ಹಾಯುತ್ತದೆ. ನಮ್ಮವರು ಫೇಸನ್ನು ಹತ್ತು ಸಲ ನೋಡುತ್ತಾರೆ, ನ್ಯೂಟ್ರಲನ್ನು ಒಮ್ಮೆಯೂ ನೋಡುವುದಿಲ್ಲ. ಮನೆ ಕತ್ತಲಾದಾಗ ಸಾಕೆಟ್ಟಿನ ಎರಡೂ ತೂತುಗಳಲ್ಲಿ ಟೆಸ್ಟರ್ ಉರಿದರೆ ನ್ಯೂಟ್ರಲ್ ಹೋಗಿದೆ ಎಂದೇ ತಿಳಿಯಿರಿ. ಟೆಸ್ಟರಿನಿಂದ ಆಗುವ ಒಂದು ಒಳ್ಳೆಯ ಉಪಕಾರ ಇದು.

ಮೂರು ಫೇಸಿನ ಮನೆಯವರು ಯಾರಾದರೂ ಓದುತ್ತಿದ್ದರೆ: ಒಂದು ಕೋಣೆ ಮಂಕು, ಇನ್ನೊಂದರಲ್ಲಿ ಬಲ್ಬು ಕಣ್ಣು ಕುಕ್ಕುವಂತೆ ಉರಿದರೆ ಪರೀಕ್ಷೆ ಮಾಡುತ್ತಾ ಕೂರಬೇಡಿ, ಕೂಡಲೇ ಮೇನ್ ಆಫ್ ಮಾಡಿ. ನ್ಯೂಟ್ರಲ್ ಕಡಿದಾಗ 230 ಇರಬೇಕಾದಲ್ಲಿ 400ರ ಹತ್ತಿರ ಬರಬಹುದು, ಟಿವಿ, ಫ್ರಿಜ್ ಎಲ್ಲ ಒಟ್ಟಿಗೆ ಹೋಗುತ್ತವೆ.

ಇನ್ನೊಂದು ಎಚ್ಚರಿಕೆ, ಇದನ್ನು ಬೈಗುಳ ಎಂದುಕೊಂಡರೂ ಸರಿ. ಮೇನ್ ಆಫ್ ಮಾಡಿದರೂ ಅದಕ್ಕೆ ಬರುವ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಹಿಂದಿನ ಫ್ಯೂಸ್ ತೆಗೆಯದೆ ಆ ಸ್ಕ್ರೂ ಮುಟ್ಟುವವರು ಧೈರ್ಯವಂತರಲ್ಲ, ದಡ್ಡರು. ಇನ್ವರ್ಟರನ್ನೂ ಆಫ್ ಮಾಡಿ, ಅದು ಹಿಂದಿನಿಂದ ಬಂದು ಹೊಡೆಯುತ್ತದೆ. ಸರ್ವಿಸ್ ತಂತಿ ಅಲ್ಯೂಮಿನಿಯಂ ಆಗಿದ್ದರೆ ವರ್ಷಕ್ಕೊಮ್ಮೆ ವೈರ್‌ಮನ್ ಕೈಯಲ್ಲಿ ಸ್ಕ್ರೂಗಳನ್ನು ನೋಡಿಸಿ, ಕಾದು ತಣಿದು ಅದು ತಾನಾಗಿಯೇ ಸಡಿಲವಾಗುತ್ತದೆ.

ಕಂಪನಿ ಯಾವುದು ಎಂದು ಕೆಳಗೆ ಇನ್ನೊಬ್ಬರು ಕೇಳಿದ್ದಾರೆ. ನಾನು ಹ್ಯಾವೆಲ್ಸ್ ಮತ್ತು ಲೆಗ್ರಾಂಡ್ ಎರಡನ್ನೂ ಹಾಕಿದ್ದೇನೆ, ನನಗೆ ವ್ಯತ್ಯಾಸ ಕಾಣಲಿಲ್ಲ. ಐಎಸ್‌ಐ ಗುರುತು ಇರಲಿ, ಬಿಲ್ ಕೊಡದ ಅಂಗಡಿಯಿಂದ ಮಾತ್ರ ಬೇಡ. ಅಂದ ಹಾಗೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಬ್ರೇಕರ್) ಹಾಕಿಸಿಕೊಂಡು ಎಂಸಿಬಿ ಬೇಡ ಎನ್ನುವವರೂ ಈ ಗುಂಪಿನಲ್ಲಿದ್ದಾರೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸೋರಿಕೆಗೆ ಬೀಳುತ್ತದೆ, ಓವರ್‌ಲೋಡಿಗೆ ಅಲ್ಲ. ಎರಡೂ ಬೇಕು.

ನೀವು ಬಾಕ್ಸ್ ಹತ್ತಿರ ಹೋದಾಗ ಮೀನು ಹುರಿದಂಥ ವಾಸನೆ ಬರುತ್ತದೆಯೇ? ಬರುವುದಾದರೆ ಒಳಗೆ ಪ್ಲಾಸ್ಟಿಕ್ ಕಾಯುತ್ತಿರಬಹುದು, ಇವತ್ತು ಗೀಜರ್ ಹಾಕಲೇಬೇಡಿ, ಒಲೆಯಲ್ಲಿ ನೀರು ಕಾಯಿಸಿಕೊಳ್ಳಿ. ಮೀಟರಿನ ಅಂಕಿಗಳು ಏನಾದವು, ಟೆಸ್ಟರ್ ಎರಡೂ ತೂತಿನಲ್ಲಿ ಉರಿಯಿತೇ ಎಂದು ಇಲ್ಲಿಯೇ ಬರೆಯಿರಿ, ಮುಂದಿನದನ್ನು ನೋಡೋಣ.