ತಮಟೆಯವರಿಗೂ ಮೈಕ್ ಟೆಸ್ಟಿಂಗ್ ಬೇಕಲ್ವಾ?

ಸುಗ್ಗಿ ಮುಗೀತು, ಜಾತ್ರೆ ಕಾಲ ಬಂತು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಊರಿನ ಸಂಗೀತ ಹಬ್ಬದ್ದೇ. ಬೋರ್‌ವೆಲ್, ಟೊಮೆಟೊ ರೋಗದ ಬಗ್ಗೆ ಬರೆದವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಡೆದುಕೊಳ್ಳಿ.

ಪ್ರಶ್ನೆ: ನಮ್ಮದು ಚಿಂತಾಮಣಿ ಪಕ್ಕದ ಹಳ್ಳಿ. ಯುವಕರ ಸಂಘದಿಂದ ಒಂದು ಸಂಜೆಯ ಸಂಗೀತ ಹಬ್ಬ ಇಟ್ಟುಕೊಂಡಿದ್ದೇವೆ. ಹುಡುಗರ ಎರಡು ಬ್ಯಾಂಡ್, ಭಜನೆ ಮಂಡಳಿ, ಒಂದು ಆರ್ಕೆಸ್ಟ್ರಾ, ನಾದಸ್ವರ, ನಮ್ಮೂರ ತಮಟೆ ತಂಡ. ತಮಟೆಯವರನ್ನು ಅತಿಥಿಗಳ ಮೆರವಣಿಗೆಗೆ ಹಾಕಿದ್ದೆವು. ಈಗ ಅವರು ‘ವೇದಿಕೆ ಮೇಲೆ ಅರ್ಧ ಗಂಟೆ ಕೊಡಿ, ಇಲ್ಲಾಂದ್ರೆ ಬರಲ್ಲ’ ಅಂತಿದ್ದಾರೆ. ತಮಟೆ ಬರೀ ಸದ್ದು, ಅಷ್ಟೊತ್ತು ಯಾರು ಕೇಳ್ತಾರೆ ಅಂತ ಕಮಿಟಿಯಲ್ಲಿ ಕೆಲವರ ವಾದ. ಏನು ಮಾಡೋಣ?

ಉತ್ತರ: ಕೊಡಿ. ಅರ್ಧ ಗಂಟೆ ಸಾಲದು, ಮುಕ್ಕಾಲು ಗಂಟೆ ಕೊಡಿ.

‘ಬರೀ ಸದ್ದು’ ಅಂದವರನ್ನು ಒಂದು ದಿನ ತಮಟೆಯವರ ಪಕ್ಕ ಕೂರಿಸಿ. ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳಗಿನ ಉದ್ದ ಕಡ್ಡಿ. ದಪ್ಪ ಕೋಲು ಪೆಟ್ಟು ಇಡುತ್ತದೆ, ಕಡ್ಡಿ ಅದರ ಸಂದಿಯಲ್ಲೆಲ್ಲ ತೂರಿಕೊಂಡು ಹೋಗುತ್ತದೆ, ಜೊತೆಗೆ ಕಾಲು ಕುಣಿಯುತ್ತಿರುತ್ತದೆ. ದೇವರ ಮೆರವಣಿಗೆಗೆ ಒಂದು ವರಸೆ, ಸಾವಿಗೆ ಬೇರೆ ವರಸೆ. ಹಳಬರು ಮನೆಯೊಳಗೆ ಕೂತೇ, ಹೊರಗೆ ಏನು ನಡೀತಿದೆ ಅಂತ ಬರೀ ಪೆಟ್ಟು ಕೇಳಿ ಹೇಳಿಬಿಡುತ್ತಿದ್ದರು. ನಿಮ್ಮದೇ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ತಮಟೆಗೆ. ದೆಹಲಿಯವರಿಗೆ ಕೇಳಿಸಿದ್ದು ನಿಮ್ಮ ಕಮಿಟಿಗೆ ಕೇಳಿಸಲಿಲ್ಲ ಅಂದರೆ ಹೇಗೆ ಸ್ವಾಮಿ?

ಇನ್ನೊಂದು ಮಾತು, ಇದು ನಾನು ಕಣ್ಣಾರೆ ಕಂಡದ್ದು. ಹಿಂದೆ ಒಂದು ಊರಿನ ಹಬ್ಬಕ್ಕೆ ಹೋಗಿದ್ದೆ, ಊರಿನ ಹೆಸರು ಬೇಡ. ಗಿಟಾರ್ ಹುಡುಗರು ಮಧ್ಯಾಹ್ನದಿಂದ ‘ಚೆಕ್ ಚೆಕ್’ ಅಂತ ಎರಡು ಗಂಟೆ ಮೈಕ್ ಟೆಸ್ಟ್ ಮಾಡಿದರು. ತಮಟೆಯವರು ಅತಿಥಿಗಳನ್ನು ಗೇಟಿನಿಂದ ಕರೆತಂದು ಬಿಟ್ಟ ಮೇಲೆ ಹುಣಸೆಮರದ ಕೆಳಗೆ ಕೂತರು. ಹತ್ತಾಗುವುದಕ್ಕೆ ಸ್ವಲ್ಪ ಮುಂಚೆ ಯಾರಿಗೋ ನೆನಪಾಗಿ ‘ಬನ್ರಪ್ಪ, ಐದು ನಿಮಿಷ ಹೊಡೀರಿ’ ಅಂತ ಕರೆದರು. ಅಷ್ಟೊತ್ತಿಗೆ ಇಬ್ಬನಿ ಬಿದ್ದು ತಮಟೆಯ ಚರ್ಮ ಮೆತ್ತಗಾಗಿತ್ತು. ಬಿಗಿಯಾಗಲಿ ಅಂತ ಕಾಯಿಸೋಣ ಅಂದರೆ ಶಾಮಿಯಾನದ ಹತ್ತಿರ ಬೆಂಕಿ ಹಾಕಬೇಡಿ ಅಂದರು. ಹೊಡೆದರೆ ಟಪ್ ಟಪ್ ಅಂತ ರಟ್ಟಿನ ಡಬ್ಬದ ಸದ್ದು. ಜನ ನಕ್ಕರು. ಆ ತಂಡದ ಯಜಮಾನರ ಮುಖ ನನಗೆ ಇನ್ನೂ ನೆನಪಿದೆ.

ಅದಕ್ಕೇ ಹೇಳೋದು, ವೇದಿಕೆಯಿಂದ ದೂರ, ಗಾಳಿ ಆಚೆ ಬೀಸುವ ಕಡೆ, ತಮಟೆ ಕಾಯಿಸಲು ಒಂದು ಜಾಗ ಮಾಡಿ. ಒಂದಿಷ್ಟು ಹುಲ್ಲು, ಪಕ್ಕದಲ್ಲಿ ಎರಡು ಬಕೆಟ್ ನೀರು ಇಡಿ. ಫೈಬರ್ ಹೊದಿಕೆಯ ತಮಟೆ ಆದರೆ ಈ ತಾಪತ್ರಯ ಇಲ್ಲ, ಆದರೆ ಚರ್ಮದ ನಾದ ಅದಕ್ಕೆ ಬರಲ್ಲ. ಅವರನ್ನು ಏಳೂವರೆ ಎಂಟರ ಹೊತ್ತಿಗೆ, ಜನ ತುಂಬಿರುವಾಗ ಹತ್ತಿಸಿ. ಮೈಕನ್ನು ತಮಟೆಯ ಮುಖದ ಹತ್ತಿರ ತರಬೇಡಿ, ನಾಲ್ಕೈದು ಅಡಿ ದೂರದಲ್ಲಿ ಒಂದೆರಡು ಸಾಕು. ಬಯಲಿನ ವಾದ್ಯ ಅದು, ನಾದಸ್ವರವೂ ಅಷ್ಟೇ. ದುಡ್ಡೂ ಬ್ಯಾಂಡಿನವರಿಗೆ ಕೊಟ್ಟಷ್ಟೇ ಕೊಡಿ. ಶಾಲು, ಹಾರ, ತೆಂಗಿನಕಾಯಿ ಆಮೇಲಿನ ಮಾತು.

ಪ್ರಶ್ನೆ: ಶಿಡ್ಲಘಟ್ಟದ ನಮ್ಮ ಬ್ಯಾಂಡ್ ಮತ್ತು ಭಜನೆ ಮಂಡಳಿ ಸೇರಿ ಸಂತಕವಿ ಕೈವಾರ ತಾತಯ್ಯನವರ ಒಂದು ತತ್ವಪದ ಹಾಡಬೇಕು ಅಂತಿದ್ದೇವೆ. ಶ್ರುತಿ ಯಾವುದು ಅಂದರೆ ನಾವು ‘ಡಿ’ ಅಂತೀವಿ, ಅವರು ‘ಎರಡನೇ ಮನೆ ಬಿಟ್ಟು ಬರಲ್ಲ’ ಅಂತಾರೆ. ಮೂರು ದಿನದಿಂದ ಇದೇ ಜಗಳ.

ಉತ್ತರ: ನಕ್ಕು ನಕ್ಕು ಸಾಕಾಯಿತು. ಅಯ್ಯಾ, ಡಿ ಅಂದರೂ ಎರಡನೇ ಮನೆ ಅಂದರೂ ಒಂದೇ! ಹಾರ್ಮೋನಿಯಂ ಮನೆಗಳಲ್ಲಿ ಬಿಳಿ ಒಂದು ಅಂದರೆ ಸಿ, ಒಂದೂವರೆ ಅಂದರೆ ಅದರ ಮೇಲಿನ ಕಪ್ಪು, ಎರಡು ಅಂದರೆ ಡಿ. ಮೂರು ದಿನ ಇಬ್ಬರೂ ಒಂದೇ ಮಾತಿಗೆ ಹೊಡೆದಾಡಿದ್ದೀರಿ.

ಆದರೂ ಕೂತು ನುಡಿಸಿದಾಗ ಹೊಂದುತ್ತಿಲ್ಲ ಅಂದರೆ ತಪ್ಪು ಹಾರ್ಮೋನಿಯಂದು ಇರಬಹುದು. ಹಳೇ ಪೆಟ್ಟಿಗೆಗಳು ಕೂದಲೆಳೆಯಷ್ಟು ಮೇಲೋ ಕೆಳಗೋ ಇರುತ್ತವೆ. ಅದನ್ನು ನಿಂತ ಜಾಗದಲ್ಲಿ ತಿದ್ದೋಕಾಗಲ್ಲ. ಗಿಟಾರ್ ತಂತಿಯನ್ನು ತಿರುಗಿಸೋಕಾಗುತ್ತೆ. ಫೋನಿನ ಟ್ಯೂನರ್ ಜೇಬಿಗೆ ಹಾಕಿ, ಹಾರ್ಮೋನಿಯಂ ಸ್ವರ ಹಿಡಿಸಿ, ಕಿವಿಯಿಂದ ಶ್ರುತಿ ಮಾಡಿಕೊಳ್ಳಿ. ಡ್ರಮ್ಸ್ ಹುಡುಗ ಮೊದಲ ಚರಣಕ್ಕೆ ಕೈ ಕಟ್ಟಿ ಕೂರಲಿ. ತತ್ವಪದದಲ್ಲಿ ಮಾತು ಕೇಳಿಸಬೇಕು, ಬಾಕಿದ್ದೆಲ್ಲ ಅದರ ಹಿಂದೆ. ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆ ಸಂಗೀತ ನಡೆಯುತ್ತದಲ್ಲ, ಒಂದು ರಾತ್ರಿ ಹೋಗಿ ಕೂತು ಬನ್ನಿ. ನಡುರಾತ್ರಿ ಮೇಲೆ ಭಜನೆಯವರು ಹೇಗೆ ಹಾಡುತ್ತಾರೆ ಅಂತ ಗೊತ್ತಾಗುತ್ತದೆ.

ಪ್ರಶ್ನೆ: ಹೋದ ವರ್ಷ ನಮ್ಮ ಹಬ್ಬದಲ್ಲಿ ಮೈಕ್ ಕೂಯ್ ಅಂತ ಊಳಿಟ್ಟು ಮರ್ಯಾದೆ ಹೋಯಿತು. ಜಾಸ್ತಿ ಬೆಲೆಯ ಮೈಕ್ ತಂದರೆ ಸರಿಹೋಗುತ್ತಾ? (ಗೌರಿಬಿದನೂರು)

ಉತ್ತರ: ಇಲ್ಲ. ಸ್ಪೀಕರಿನ ಸದ್ದು ಮೈಕಿಗೆ ಹೋಗಿ, ಮೈಕಿಂದ ಮತ್ತೆ ಸ್ಪೀಕರಿಗೆ ಬಂದು ಸುತ್ತು ಹೊಡೆದರೆ ಊಳಿಡುತ್ತದೆ. ದೊಡ್ಡ ಸ್ಪೀಕರುಗಳನ್ನು ಹಾಡುವವರಿಗಿಂತ ಮುಂದಕ್ಕೆ, ಜನರ ಕಡೆ ಮುಖ ಮಾಡಿ ಇಡಿ. ಹಾಡುವವರು ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಹಿಡಿಯಬಾರದು. ಸ್ಟೈಲ್ ಕಾಣುತ್ತೆ ನಿಜ, ಆದರೆ ಎದುರಿನ ಧ್ವನಿಯನ್ನಷ್ಟೇ ಹಿಡಿಯುವ ಮೈಕ್ ಆಗ ಸುತ್ತಲಿನದನ್ನೂ ಎಳೆದುಕೊಳ್ಳುತ್ತದೆ. ಬಳಸದ ಮೈಕ್ ಆಫ್ ಇರಲಿ.

ಪ್ರಶ್ನೆ: ರಾತ್ರಿ ಹನ್ನೆರಡರವರೆಗೆ ನಡೆಸಬಹುದಾ? ಸಿನಿಮಾ ಹಾಡು ಹಾಡಿದರೆ ದುಡ್ಡು ಕಟ್ಟಬೇಕು ಅಂತ ಯಾರೋ ಹೆದರಿಸಿದ್ದಾರೆ. (ಬಾಗೇಪಲ್ಲಿ)

ಉತ್ತರ: ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೇ ಬೇಕು. 2000ದ ಶಬ್ದಮಾಲಿನ್ಯ ನಿಯಮದಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ ಹರಿದಿನಗಳಿಗೆ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ನಿಮ್ಮ ದಿನ ಅದರಲ್ಲಿ ಇದೆ ಅಂತ ನೀವೇ ಅಂದುಕೊಳ್ಳಬೇಡಿ, ಠಾಣೆಯಲ್ಲಿ ಕೇಳಿ. ಹತ್ತಕ್ಕೆ ಮುಗಿಸಬೇಕು ಅಂದರೆ ಆರಕ್ಕೆ ಶುರು ಮಾಡಿ, ಭಾಷಣ ಕಡಿಮೆ ಮಾಡಿ. ಎರಡನೆಯದು ಕಷ್ಟ ಅಂತ ನನಗೂ ಗೊತ್ತು.

ಹಾಡಿನ ವಿಷಯ: ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ, ದುಡ್ಡು ಕೊಡದ ಪ್ರೇಕ್ಷಕರ ಮುಂದೆ ಹಾಡಿದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟಿರೋ, ಲೈಸೆನ್ಸ್ ಮಾತು ಬರುತ್ತದೆ. ಸಂಬಳದ ಆರ್ಕೆಸ್ಟ್ರಾ ಕರೆಸಿದರೂ ‘ಹವ್ಯಾಸಿ’ ಅನ್ನೋದು ಕಷ್ಟ, ಹಾಗಿದ್ದರೆ ವಕೀಲರನ್ನು ಕೇಳಿಕೊಂಡೇ ಮುಂದುವರಿಯಿರಿ.

ಪ್ರಶ್ನೆ: ನಾವು ಕೆಜಿಎಫ್ ಹುಡುಗರು. ತಮಿಳಲ್ಲೂ ಕನ್ನಡದಲ್ಲೂ ನಾವೇ ಬರೆದು ಹಾಡುತ್ತೇವೆ. ಕೋಲಾರದ ಕಡೆ ಹಬ್ಬಗಳಲ್ಲಿ ಕೇಳುತ್ತಾರಾ?

ಉತ್ತರ: ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೆಯಲ್ಲಿ ತಮಿಳೂ ಸೇರಿ ಮೂರೂ ಮಾತಾಡುವ ಜಿಲ್ಲೆ ಇದು. ಕೈವಾರ ತಾತಯ್ಯನವರೇ ತೆಲುಗಲ್ಲೂ ಕನ್ನಡದಲ್ಲೂ ಹಾಡಿದರು. ಧೈರ್ಯವಾಗಿ ಹೋಗಿ. ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಅಂತ ನಡೆಸುತ್ತಾ ಬಂದಿದ್ದಾರೆ, ಅಲ್ಲಿನ ಜನ ಕೂತು ಕೇಳುವವರು, ವಿಚಾರಿಸಿ ನೋಡಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಿಮ್ಮ ಮನೆಗಳಲ್ಲಿ ಏನಾಯಿತು ಅಂತ ಒಂದು ಹಾಡಿದ್ದರೆ ಅದನ್ನೇ ಮೊದಲು ಹಾಡಿ.

ಪ್ರಶ್ನೆ: ನಮ್ಮ ಯಜಮಾನರು ಕರೋಕೆ ಹಾಡುತ್ತೇನೆ ಅಂತ ಹೆಸರು ಕೊಟ್ಟು ಬಂದಿದ್ದಾರೆ. ತಡೆಯೋದು ಹೇಗೆ? (ಮಾಲೂರು)

ಉತ್ತರ: ತಡೀಬೇಡಿ. ತಮಟೆಯವರು ಮುಗಿಸಿದ ಕೂಡಲೇ ಅವರ ಹಾಡು ಇಡೋಕೆ ಹೇಳಿ. ಅವರೇ ಹೆಸರು ವಾಪಸ್ ತಗೋತಾರೆ.