ಏಳೂವರೆ ಬಸ್ಸು ಮತ್ತು ಕೆಡಿಪಿ ಸಭೆ

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ನಾನು ನಮ್ಮೂರಿನ ಹಾಲಿನ ಡೇರಿ ಕಾರ್ಯದರ್ಶಿ. ಮಗಳು ತಾಲ್ಲೂಕು ಕೇಂದ್ರದಲ್ಲಿ ಪಿಯುಸಿ ಓದುತ್ತಾಳೆ. ಬೆಳಗಿನ ಏಳೂವರೆ ಬಸ್ಸು ಒಂದು ದಿನ ಬಂದರೆ ಇನ್ನೊಂದು ದಿನ ಇಲ್ಲ. ಮೊದಲು ಊರಿಗೆ ನೈಟ್ ಹಾಲ್ಟ್ ಬಸ್ಸು ಇತ್ತು, ನಿಂತುಹೋಯಿತು. ಮೊನ್ನೆ ತಾಲ್ಲೂಕಿನ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನಾ) ಸಭೆಯಲ್ಲಿ ನಮ್ಮ ಶಾಸಕರು ಡಿಪೋ ಮ್ಯಾನೇಜರಿಗೆ ಚೆನ್ನಾಗಿ ಬೈದರು. ವಿಡಿಯೋ ಎಲ್ಲ ಗ್ರೂಪಿನಲ್ಲೂ ಓಡಾಡಿತು, ಬಸ್ಸು ಮಾತ್ರ ಓಡಾಡಲಿಲ್ಲ. ಇಂಥ ಸಭೆ ಯಾಕೆ ಬೇಕು? ನಿಲ್ಲಿಸಿಬಿಡಬಾರದಾ? (ಊರು, ಹೆಸರು ಹಾಕಬೇಡಿ.)"

ಸಂಪಾದಕರ ಉತ್ತರ:

ನಮಸ್ಕಾರ. ನೀವು ಕಳಿಸಿದ ವಿಡಿಯೋ ನೋಡಿದೆ. ಶಾಸಕರು ಮೇಜು ಗುದ್ದಿ "ಮಕ್ಳು ಕಾಲೇಜಿಗೆ ಹೆಂಗ್ರೀ ಹೋಗ್ಬೇಕು?" ಅನ್ನುತ್ತಾರೆ. ಮ್ಯಾನೇಜರ್ ಎದ್ದು ನಿಂತು "ಬಸ್ ಕೊರತೆ ಇದೆ ಸಾರ್, ಸಿಬ್ಬಂದಿ ಕೊರತೆ ಇದೆ, ಮೇಲಕ್ಕೆ ಬರೆದಿದೀವಿ" ಅನ್ನುತ್ತಾರೆ. "ಅದೆಲ್ಲ ಬೇಡ, ನಾಳೆಯಿಂದ ಬರ್ಬೇಕು." "ಆಯ್ತು ಸಾರ್." ಅಷ್ಟೇ. ಆಮೇಲೆ ರೇಷ್ಮೆ ಇಲಾಖೆಯವರನ್ನು ಕರೆಯುತ್ತಾರೆ.

ನಿಮ್ಮ ಸಿಟ್ಟು ನ್ಯಾಯವೇ. ಆದರೆ ಸಭೆ ನಿಲ್ಲಿಸಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಬಸ್ಸಿಗೆ ಬೇಕಾದವರೆಲ್ಲ ಒಂದೇ ಕೋಣೆಯಲ್ಲಿ ಸಿಗುವುದು ಅಲ್ಲಿ ಮಾತ್ರ. ಬೆಂಗಳೂರಿನಲ್ಲಿ ಬಸ್ಸು, ಮೆಟ್ರೊ, ರಸ್ತೆ ನೋಡಿಕೊಳ್ಳುವವರನ್ನು ಒಂದು ಕಡೆ ಕೂರಿಸಲು 2022ರಲ್ಲಿ ಭೂಸಾರಿಗೆ ಪ್ರಾಧಿಕಾರದ ಕಾಯ್ದೆಯನ್ನೇ ತರಬೇಕಾಯಿತು. ತಾಲ್ಲೂಕಿಗೆ ಅಂಥದ್ದೇನೂ ಇಲ್ಲ. ಇರುವುದು ಮೂರು ತಿಂಗಳಿಗೊಮ್ಮೆ ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುವ ಈ ಸಭೆ. ಲೋಕೋಪಯೋಗಿ ಇಲಾಖೆ ಎಂಜಿನಿಯರ್, ಪಂಚಾಯತ್ ರಾಜ್ ಎಂಜಿನಿಯರ್, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಡಿಪೋ ಮ್ಯಾನೇಜರ್, ಎಲ್ಲರೂ ಬರಬೇಕು. ಸಾಹೇಬರು ಬಾರದೆ ಗುಮಾಸ್ತರನ್ನು ಕಳಿಸುವುದೂ ಉಂಟು. ಅದಕ್ಕೆ ಬೈದರೆ ನನ್ನ ತಕರಾರಿಲ್ಲ.

ತಕರಾರು ಇರುವುದು ಪ್ರಶ್ನೆಯ ಬಗ್ಗೆ. ನಿಮ್ಮ ಡೇರಿಯನ್ನೇ ತಗೊಳ್ಳಿ. "ಹಾಲು ನೀರಾಗಿದೆ" ಎಂದು ಒಬ್ಬರಿಗೆ ಎಷ್ಟು ಬೈದರೂ ಅವರು ಹಸುವಿನ ಮೇಲೆ ಹಾಕುತ್ತಾರೆ. "ಫ್ಯಾಟ್ ಎಷ್ಟು ಬಂತು, ನಿನ್ನೆ ಎಷ್ಟಿತ್ತು?" ಅಂದರೆ ಮಾತು ಪುಸ್ತಕಕ್ಕೆ ಬರುತ್ತದೆ. ಡಿಪೋದಲ್ಲೂ ಪುಸ್ತಕ ಇದೆ. ಯಾವ ಶೆಡ್ಯೂಲಿಗೆ ಯಾವ ಬಸ್ಸು, ಯಾವ ಡ್ರೈವರ್, ಕಂಡಕ್ಟರ್, ಯಾವ ಟ್ರಿಪ್ ಓಡಿತು, ಯಾವುದು ರದ್ದಾಯಿತು ಎಂಬ ಲೆಕ್ಕವಿಲ್ಲದೆ ಡಿಪೋ ಒಂದು ದಿನವೂ ನಡೆಯುವುದಿಲ್ಲ. ಹಾಗಾಗಿ ಶಾಸಕರು ಕೇಳಬೇಕಿದ್ದದ್ದು ಇಷ್ಟೇ: ಹೋದ ಮೂರು ತಿಂಗಳಲ್ಲಿ ಈ ಏಳೂವರೆ ಟ್ರಿಪ್ ಎಷ್ಟು ದಿನ ರದ್ದಾಗಿದೆ? ಒಂದೊಂದು ದಿನಕ್ಕೂ ಕಾರಣ ಏನು? ಆ ದಿನ ಆ ಬಸ್ಸು ಎಲ್ಲಿಗೆ ಹೋಗಿತ್ತು?

ಮೂರನೆಯ ಪ್ರಶ್ನೆ ನೋಡಿ, ಅದನ್ನು ಕೇಳಲು ಶಾಸಕರಿಗೇ ಸ್ವಲ್ಪ ಧೈರ್ಯ ಬೇಕು. ಜಾತ್ರೆ, ಹಬ್ಬ, ಸಾಲು ರಜೆ ಬಂತೆಂದರೆ ಹಳ್ಳಿ ಟ್ರಿಪ್ಪಿನ ಬಸ್ಸು ವಿಶೇಷ ಬಸ್ಸಾಗುತ್ತದೆ. ದೊಡ್ಡ ಸಮಾವೇಶ ಇದ್ದರೆ ಬಾಡಿಗೆಗೆ ಹೋಗುತ್ತದೆ. ಸಮಾವೇಶ ಯಾವ ಪಕ್ಷದ್ದಾದರೂ ಜನರನ್ನು ತುಂಬಿಕೊಂಡು ಬರಬೇಕು, ಅಲ್ವಾ? ಬಸ್ಸು ಕೊಡಿ ಎಂದು ಕೇಳಿದವರ ಪಟ್ಟಿ ಸಭೆಯಲ್ಲಿ ಓದಿದರೆ ಮೇಜು ಗುದ್ದುವುದು ಕಷ್ಟ.

ಬಸ್ ಕೊರತೆ ಅನ್ನುವುದು ಪೂರಾ ಸುಳ್ಳಲ್ಲ. ಕೊರೊನಾ ಕಾಲದಲ್ಲಿ ನಿಗಮಗಳ ಕೈ ಖಾಲಿಯಾಗಿತ್ತು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದು ಮಾಡುವ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಬಂತು, ಸಾರಿಗೆ ನಿಗಮದ ಬಸ್ಸುಗಳೂ ಅದರೊಳಗೆ ಬಂದವು. ಅದೇ ವರ್ಷ ಜೂನ್ 11ಕ್ಕೆ ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾಗಿ ಬಸ್ಸು ತುಂಬಿದವು. 2025ರ ಜುಲೈಗೆ ಉಚಿತ ಪ್ರಯಾಣಗಳ ಲೆಕ್ಕ 500 ಕೋಟಿ ಮುಟ್ಟಿತು. ಹೊಸ ಬಸ್ಸು ತರುವುದು ಡಿಪೋ ಮ್ಯಾನೇಜರ್ ಕೈಯಲ್ಲಿಲ್ಲ. ಅದು ಕೇಂದ್ರ ಕಚೇರಿಯ ಕೆಲಸ. ಹೊಸ ಶೆಡ್ಯೂಲಿಗೆ ವಿಭಾಗೀಯ ನಿಯಂತ್ರಣಾಧಿಕಾರಿ ಒಪ್ಪಬೇಕು. ಮ್ಯಾನೇಜರ್ ಕೈಯಲ್ಲಿ ಇರುವುದು ಇದ್ದ ಬಸ್ಸನ್ನು ಇವತ್ತು ಎಲ್ಲಿಗೆ ಕಳಿಸಬೇಕು ಅನ್ನುವುದು. ಅವರನ್ನು ಕೇಳಬೇಕಾದದ್ದು ಅದನ್ನೇ.

ಇನ್ನೊಂದು ಉತ್ತರ ಬರುತ್ತದೆ ನೋಡಿ: "ಆ ರೂಟಲ್ಲಿ ಕಲೆಕ್ಷನ್ ಇಲ್ಲ ಸಾರ್." ಇಲ್ಲಿ ಸ್ವಲ್ಪ ನಿಲ್ಲಬೇಕು. ಏಳೂವರೆ ಬಸ್ಸಿನಲ್ಲಿ ಬಾಗಿಲವರೆಗೂ ನೇತಾಡುವವರು ಯಾರು? ಕಾಲೇಜು ಹುಡುಗರು. ಅವರ ಹತ್ತಿರ ಪಾಸ್ ಇರುತ್ತದೆ, ಕಂಡಕ್ಟರ್ ಟಿಕೆಟ್ ಹರಿಯುವುದಿಲ್ಲ. ಉಸಿರಾಡಲು ಜಾಗವಿಲ್ಲದ ಬಸ್ಸು ಆ ದಿನದ ಕಲೆಕ್ಷನ್ನಿನಲ್ಲಿ ಅರ್ಧ ಖಾಲಿ ಬಸ್ಸಿನ ಹಾಗೆ ಕಾಣುತ್ತದೆ. ನಿಮ್ಮ ಮಗಳ ಲೆಕ್ಕ ಬೇರೆ. ಆಧಾರ್ ತೋರಿಸಿದರೆ ಅವಳಿಗೆ ಶೂನ್ಯ ಟಿಕೆಟ್ ಕೊಡುತ್ತಾರೆ, ಅದರ ದುಡ್ಡನ್ನು ಸರ್ಕಾರ ನಿಗಮಕ್ಕೆ ಕಟ್ಟಿಕೊಡಬೇಕು. ಆ ಹಣ ಸಮಯಕ್ಕೆ ಸರಿಯಾಗಿ ಬರುತ್ತಾ ಅನ್ನುವುದು ಬೇರೆಯದೇ ಜಗಳ. ಆದರೆ ಅವಳು ಲೆಕ್ಕದಲ್ಲಿದ್ದಾಳೆ. ಆಧಾರ್ ತೋರಿಸುವ ಹೆಣ್ಣುಮಕ್ಕಳೆಲ್ಲ ಟಿಕೆಟ್ ಕೇಳಿ ಪಡೆಯಲಿ, ಗಲಾಟೆಯಲ್ಲಿ ಸುಮ್ನೆ ಹತ್ತಿ ಇಳಿಯುವುದು ಬೇಡ. ಶಾಸಕರು ಕೇಳಬೇಕಾದದ್ದು: ಈ ಟ್ರಿಪ್ಪಿನಲ್ಲಿ ಪಾಸಿನವರು ಎಷ್ಟು, ಶೂನ್ಯ ಟಿಕೆಟ್ ಎಷ್ಟು, ದುಡ್ಡು ಕೊಟ್ಟವರು ಎಷ್ಟು? ಮೂರೂ ಬೇರೆ ಬೇರೆ ಹೇಳಿ.

ಮೂರನೆಯ ನೆಪ ರಸ್ತೆ. "ಮೋರಿ ಕುಸಿದಿದೆ ಸಾರ್, ಬಸ್ ತಿರುಗಿಸೋಕೆ ಜಾಗ ಇಲ್ಲ." ಮೋರಿ ಯಾರದು? ಜಿಲ್ಲಾ ಮುಖ್ಯ ರಸ್ತೆಯಾದರೆ ಲೋಕೋಪಯೋಗಿ ಇಲಾಖೆ, ಹಳ್ಳಿ ರಸ್ತೆಯಾದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಆ ಎಂಜಿನಿಯರ್ ಅದೇ ಸಭೆಯಲ್ಲಿ ಎರಡು ಕುರ್ಚಿ ಆಚೆ ಕೂತಿರುತ್ತಾರೆ. ಆದರೆ ಸಭೆ ಒಂದೊಂದೇ ಇಲಾಖೆ ಕರೆಯುತ್ತಾ ಹೋಗುತ್ತದೆ. ಬೆಳಿಗ್ಗೆ ಎಂಜಿನಿಯರ್ "ಶೇಕಡಾ ಇಷ್ಟು ಸಾಧನೆ" ಎಂದು ಓದಿ ಕೂರುತ್ತಾರೆ. ಮಧ್ಯಾಹ್ನ ಡಿಪೋ ಮ್ಯಾನೇಜರ್ ಅದೇ ರಸ್ತೆ ಕೆಟ್ಟಿದೆ ಅನ್ನುತ್ತಾರೆ. ಇಬ್ಬರನ್ನೂ ಒಟ್ಟಿಗೆ ಎದ್ದು ನಿಲ್ಲಿಸಿ, ಒಂದೇ ಮೋರಿಯ ಬಗ್ಗೆ ಇಬ್ಬರಿಂದಲೂ ತಾರೀಕು ಕೇಳುವ ಶಾಸಕರು ನನಗೆ ಮೇಜು ಗುದ್ದುವವರಿಗಿಂತ ಜಾಸ್ತಿ ಇಷ್ಟ. ಕಾಲೇಜು ಬೆಲ್ಲಿಗೂ ಬಸ್ಸಿನ ಟೈಮಿಗೂ ತಾಳೆ ಆಗದಿದ್ದರೆ ಪ್ರಾಂಶುಪಾಲರನ್ನೂ ಕರೆಸಬಹುದು.

ನಿಮ್ಮೂರಿಗೆ ನೈಟ್ ಹಾಲ್ಟ್ ಬಸ್ಸು ಇತ್ತು, ನಿಂತುಹೋಯಿತು ಎಂದು ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ. ನನಗೆ ಅನ್ನಿಸುವುದು, ಗಂಟು ಅಲ್ಲೇ ಇದೆ. ರಾತ್ರಿ ಊರಲ್ಲೇ ನಿಂತ ಬಸ್ಸು ಬೆಳಿಗ್ಗೆ ಊರಿಂದಲೇ ಹೊರಡುತ್ತದೆ. ಹಾಲ್ಟ್ ಇಲ್ಲದಿದ್ದರೆ ಬೆಳಗಿನ ಜಾವ ಡಿಪೋದಿಂದ ಹೆಚ್ಚುಕಮ್ಮಿ ಖಾಲಿ ಬರಬೇಕು. ಡೀಸೆಲ್ ಸುಡುತ್ತದೆ, ಆದಾಯ ಇಲ್ಲ. ಬಸ್ಸು ಕಮ್ಮಿ ಬಿದ್ದ ದಿನ ಮೊದಲು ಕತ್ತರಿ ಬೀಳುವುದು ಅಂಥ ಟ್ರಿಪ್ಪಿಗೇ. ಹಾಲ್ಟ್ ಯಾಕೆ ನಿಂತಿತು ಎಂದು ಡ್ರೈವರ್, ಕಂಡಕ್ಟರ್‌ರನ್ನು ಕೇಳಿ ನೋಡಿ. ಮಲಗಲು ದೇವಸ್ಥಾನದ ಜಗಲಿ, ಇಲ್ಲದಿದ್ದರೆ ಬಸ್ಸಿನ ಸೀಟು. ಶೌಚಾಲಯ ಇಲ್ಲ. ಕಂಡಕ್ಟರ್ ಹೆಣ್ಣುಮಗಳಾದರೆ ಇನ್ನೂ ಕಷ್ಟ. ಪಂಚಾಯಿತಿ ಕಟ್ಟಡದಲ್ಲಿ ಒಂದು ಕೋಣೆ, ಬಚ್ಚಲು, ಫ್ಯಾನು ಕೊಡುತ್ತೇವೆ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿ, ಅದನ್ನು ಶಾಸಕರ ಕೈಗೆ ಕೊಡಿ. "ಊರಿನವರು ಕೋಣೆ ಕೊಟ್ಟಿದಾರೆ, ಹಾಲ್ಟ್ ಯಾವಾಗಿಂದ?" ಎಂದು ಕೇಳಿದರೆ ಮ್ಯಾನೇಜರಿಗೆ ಜಾರಿಕೊಳ್ಳಲು ದಾರಿ ಕಮ್ಮಿ.

ಸಭೆಯಲ್ಲಿ "ಆಯ್ತು ಸಾರ್" ಅಂದದ್ದು ಎಲ್ಲಿ ದಾಖಲಾಗುತ್ತದೆ? ನಡವಳಿಯಲ್ಲಿ. ಅದರ ಮೇಲೆ ಏನು ಮಾಡಿದೆವು ಎಂದು ಮುಂದಿನ ಸಭೆಗೆ ಇಲಾಖೆಗಳು ಕೊಡುವುದು ಅನುಪಾಲನಾ ವರದಿ. ವಿಡಿಯೋ ಬಿಟ್ಟು ಇವೆರಡನ್ನು ಹಿಡಿಯಿರಿ. ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಕೇಳಿ. ಬಾಯಲ್ಲಿ ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಅದಕ್ಕೇ ಟ್ರಿಪ್ ರದ್ದಿನ ಲೆಕ್ಕಕ್ಕೆ ಬೇರೆ ಅರ್ಜಿ, ಸಾರಿಗೆ ನಿಗಮದ ವಿಭಾಗೀಯ ಕಚೇರಿಗೆ. ಊರಿನ ಕಷ್ಟವನ್ನೆಲ್ಲ ಅದರಲ್ಲಿ ಬರೆಯಬೇಡಿ. ರೂಟು, ಟೈಮು, ತಿಂಗಳು ಬರೆದರೆ ಸಾಕು.

ಇದಾದ ಮೇಲೂ ಆಗದಿದ್ದರೆ ಶಾಸಕರಿಗೆ ವಿಧಾನಸಭೆ ಇದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರಹದಲ್ಲಿ ಉತ್ತರ ಬರುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳು ಎದ್ದು ಉತ್ತರಿಸಬೇಕು, ಉಪಪ್ರಶ್ನೆ ಕೇಳಬಹುದು. ಆ ಉತ್ತರದ ಹಾಳೆ ನೋಡಿದ್ದೀರಾ? ಎಡಗಡೆ ಅ, ಆ, ಇ ಎಂದು ಪ್ರಶ್ನೆ, ಬಲಗಡೆ ಉತ್ತರ. "ಗ್ರಾಮೀಣ ಭಾಗದಲ್ಲಿ ಬಸ್ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದು ಕೇಳಿದರೆ ಎದುರಿಗೆ "ಬಂದಿದೆ" ಎಂದಿರುತ್ತದೆ. "ಕ್ರಮವೇನು?" ಅಂದರೆ "ಪರಿಶೀಲಿಸಲಾಗುತ್ತಿದೆ". ಗಮನಕ್ಕೆ ಬಂದಿದೆಯೇ ಅನ್ನುವ ಪ್ರಶ್ನೆಯನ್ನೇ ಶಾಸಕರು ಬಿಟ್ಟುಬಿಟ್ಟರೆ ಎಷ್ಟೋ ಕಾಗದ ಉಳಿಯುತ್ತದೆ. ಡಿಪೋವಾರು ರದ್ದಾದ ಟ್ರಿಪ್ ಎಷ್ಟು, ಅದರಲ್ಲಿ ಬಾಡಿಗೆಗೆ ಕೊಟ್ಟ ಕಾರಣಕ್ಕೆ ರದ್ದಾದದ್ದು ಎಷ್ಟು ಎಂದು ಕೇಳಿದರೆ ಬಲಗಡೆ ಅಂಕಿ ಬರೆಯಲೇಬೇಕು.

ಮುಂದಿನ ಸಭೆಗೆ ಇನ್ನೂ ಸಮಯ ಇದೆ. ಸಭೆಯ ಹಿಂದಿನ ದಿನ ಶಾಸಕರ ಪಿಎ ಕೈಗೆ ಪ್ರಶ್ನೆಗಳನ್ನು ಒಂದೇ ಹಾಳೆಯಲ್ಲಿ ಬರೆದು ಕೊಡಿ. ತುಂಬ ಮುಂಚೆ ಕೊಟ್ಟರೆ ಕಳೆದುಹೋಗುತ್ತದೆ. ಅನುಪಾಲನಾ ವರದಿ ಕೈಗೆ ಸಿಕ್ಕರೆ ನಮಗೂ ಒಂದು ಪ್ರತಿ ಕಳಿಸಿ, ನಿಮ್ಮ ಹೆಸರಿಲ್ಲದೆ ಪ್ರಕಟಿಸುತ್ತೇವೆ.