ರೆವೆನ್‌ಸ್ಟಾರ್ಫ್ ಅವರ ಕೊಡುಗೆಯ ಬಗ್ಗೆ

ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಡಿರ್ಕ್ ರೆವೆನ್‌ಸ್ಟಾರ್ಫ್ ಅವರು ಸಂಮೋಹನ (ಹಿಪ್ನಾಸಿಸ್) ಚಿಕಿತ್ಸೆಗೆ ಏನು ಕೊಟ್ಟರು ಎಂದು ಕೇಳಿದ್ದೀರಿ. ಚಿಕಿತ್ಸಾ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಅವರು ಮನೋವಿಜ್ಞಾನಿ ಬುರ್ಕ್‌ಹಾರ್ಡ್ ಪೇಟರ್ ಅವರೊಡನೆ 2001ರಲ್ಲಿ ಈ ಚಿಕಿತ್ಸೆಯ ಒಂದು ದೊಡ್ಡ ಕೈಪಿಡಿಯನ್ನು ಸಂಪಾದಿಸಿದರು. ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ ಮುಖ್ಯವಾದದ್ದು, ಈ ಚಿಕಿತ್ಸೆಯ ಪರಿಣಾಮವನ್ನು ಕುರಿತು ಅಲ್ಲಲ್ಲಿ ಚದುರಿಹೋಗಿದ್ದ ಅಧ್ಯಯನಗಳನ್ನು ಒಂದೆಡೆ ತಂದು, ಯಾವ ತೊಂದರೆಗೆ ಎಷ್ಟು ಪುರಾವೆಯಿದೆಯೆಂದು ಪರಿಶೀಲಿಸಿ ಅವರು ಸಿದ್ಧಪಡಿಸಿದ ಸುದೀರ್ಘ ತಜ್ಞವರದಿ. ಜರ್ಮನಿಯ ಮನೋಚಿಕಿತ್ಸೆಯ ವೈಜ್ಞಾನಿಕ ಸಲಹಾ ಮಂಡಳಿಯು 2006ರಲ್ಲಿ ವಯಸ್ಕರಿಗೆ ಈ ವಿಧಾನವನ್ನು ಮಾನ್ಯ ಮಾಡಿತು. ಆದರೆ ಧೂಮಪಾನ ಬಿಡಿಸುವುದು, ಹೆರಾಯಿನ್‌ನಂಥ ಮಾದಕದ್ರವ್ಯಗಳ ವ್ಯಸನಿಗಳಿಗೆ ಬದಲಿಯಾಗಿ ಕೊಡುವ ಮೆಥಡೋನ್ ಔಷಧಿಯನ್ನು ಬಿಡಿಸುವುದು ಹಾಗೂ ದೈಹಿಕ ಕಾಯಿಲೆಗಳೊಂದಿಗೆ ಬರುವ ಮಾನಸಿಕ ಸಮಸ್ಯೆಗಳು, ಇಷ್ಟಕ್ಕೆ ಮಾತ್ರ. ಆದ್ದರಿಂದ ಎಲ್ಲ ರೋಗವನ್ನೂ ಸಂಮೋಹನದಿಂದ ವಾಸಿಮಾಡುತ್ತೇವೆನ್ನುವ ಜಾಹೀರಾತುಗಳಿಗೆ ಅವರ ಹೆಸರನ್ನು ಬಳಸುವುದು ಅವರ ಎಚ್ಚರದ ಕೆಲಸಕ್ಕೆ ಬಗೆಯುವ ಅನ್ಯಾಯ.